ಅಜ್ಜಿಯ ಆಮೆನ್

ನನ್ನ ಜೀವನದ ಗುರಿಯನ್ನು ದೇವರೇ ತೋರಿಸಿಕೊಟ್ಟಿದ್ದಾನೆ ಎಂದು ನಾನು ಒಂದು ತಿಂಗಳು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಹಾಲು ಹಾಕುವವನಿಗೆ ಹೇಳಿದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ, ಹೆಸರೂ ಗೊತ್ತಿಲ್ಲದ ಹೆಂಗಸಿಗೆ ಹೇಳಿದೆ. ಹಲ್ಲು ಕೀಳಿಸಲು ಹೋದಾಗ ಬಾಯಿ ತುಂಬ ಹತ್ತಿ ತುರುಕಿದ್ದರೂ ಬಿಡದೆ ಹಲ್ಲಿನ ಡಾಕ್ಟರಿಗೂ ಹೇಳಿದೆ. ಅವರು ಪಾಪ, ನೋವಾಗುತ್ತಿದೆ ಎಂದುಕೊಂಡು ಇನ್ನೊಂದು ಇಂಜೆಕ್ಷನ್ ಕೊಟ್ಟರು.

ಮೊದಲು ಅಜ್ಜಿಯ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಪೆದ್ದುತನ ಪೂರ್ತಿಯಾಗಿ ಕಾಣುವುದಿಲ್ಲ. ಅಜ್ಜಿ ಎಂದರೆ ಅಮ್ಮನ ಅಮ್ಮ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ವೈರು ಚುಚ್ಚುತ್ತ ಕೀಳುತ್ತ, ಊರಿನವರ ಮಾತನ್ನೆಲ್ಲ ಇತ್ತಿಂದತ್ತ ದಾಟಿಸಿದವಳು. ಜನರನ್ನು ಜೋಡಿಸುವುದೇ ಕೆಲಸವಾಗಿದ್ದರೂ ಅವಳ ನಾಲಿಗೆಯ ತುದಿಯಲ್ಲಿ ಸದಾ ಇರುತ್ತಿದ್ದ ಮಾತು ಮಾತ್ರ 'ಬೇಡ'. ಹೊಸ ಕನ್ನಡಕ ಮಾಡಿಸೋಣವಾ? ಬೇಡ. ಚಹಾಕ್ಕೆ ಇನ್ನೊಂಚೂರು ಸಕ್ಕರೆ? ಬೇಡ. ಪಾಸ್ಟರ್ ಮನೆಗೆ ಬಂದು, "ಪ್ರಾರ್ಥನೆ ಮಾಡೋಣ್ವಾ ಅಮ್ಮ?" ಎಂದರೂ, "ಈಗ್ಲೇ ಬೇಡ, ಚಹಾ ಆರುತ್ತೆ, ಮೊದ್ಲು ಕುಡೀರಿ. ದೇವ್ರು ಕಾಯ್ತಾನೆ, ಚಹಾ ಕಾಯಲ್ಲ" ಎನ್ನುತ್ತಿದ್ದಳು. ನನ್ನನ್ನು ಅವಳು ಕರೆಯುತ್ತಿದ್ದದ್ದು 'ಗಿಣಿ' ಎಂದು. ಚೆನ್ನಾಗಿ ಮಾತಾಡುತ್ತೇನೆ ಎಂಬ ಮೆಚ್ಚುಗೆಯೆಂದು ನಾನು ಬಹಳ ವರ್ಷ ನಂಬಿದ್ದೆ. ಹೇಳಿಕೊಟ್ಟದ್ದನ್ನು ಅರ್ಥವಾಗದೆಯೂ ಒಪ್ಪಿಸುತ್ತೇನೆ ಎಂಬ ಕಾರಣಕ್ಕೆ ಇಟ್ಟ ಹೆಸರದು ಎಂದು ಆಮೇಲೆ ಅಮ್ಮ ಹೇಳಿದಳು.

ನಾನು ಕೊನೆಯ ವರ್ಷದ ಪರೀಕ್ಷೆ ಮುಗಿಸುವಷ್ಟರಲ್ಲಿ ಅಜ್ಜಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಿದ್ದುಹೋಯಿತು, ಬಾಯಿಯ ಬಲಭಾಗ ಜೋತುಬಿತ್ತು, ಮಾತು ನಿಂತಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ಅಮ್ಮ ಮಂಚದ ಪಕ್ಕ ಪ್ರಾರ್ಥನೆ ಮುಗಿಸುವಾಗ ಅಜ್ಜಿಯ ಬಾಯಿಂದ ಒಂದು ಪದ ಹೊರಬಿತ್ತು: "ಆಮೆನ್." ನಾವು ಕುಣಿದಾಡಿದೆವು. ಅಂದಿನಿಂದ ಅಜ್ಜಿಯ ಬಾಯಲ್ಲಿ ಅದೊಂದೇ ಪದ. ಹಸಿವಾದರೂ ಆಮೆನ್, ಹೊಟ್ಟೆ ತುಂಬಿದರೂ ಆಮೆನ್. ಕಿಟಕಿ ತೆಗೆದರೂ ಆಮೆನ್, ಹಾಕಿದರೂ ಆಮೆನ್.

ಈಗ ಕೇಳಿ: ನಾನು ಓದಿದ್ದೇ ಸ್ಪೀಚ್ ಥೆರಪಿ. ಮಾತು ಕಳೆದುಕೊಂಡವರಿಗೆ ಮಾತು ಮರಳಿಸುವ ವಿದ್ಯೆ. ದೇವರಿಗೆ ಹಾಸ್ಯ ಗೊತ್ತಿಲ್ಲ ಎನ್ನುವವರು ಆಗ ನಮ್ಮ ಮನೆಗೆ ಬಂದು ನೋಡಬೇಕಿತ್ತು. ಇಂಥ ರೋಗಿಗಳಲ್ಲಿ ಕೆಲವರಿಗೆ ಒಂದೇ ಒಂದು ಪದ ಉಳಿದುಬಿಡುತ್ತದೆ, ಬಾಯಿ ತೆರೆದರೆ ಅದೇ ಬರುತ್ತದೆ, ಅದಕ್ಕೂ ಅವರ ಮನಸ್ಸಿನಲ್ಲಿ ಇರುವುದಕ್ಕೂ ಸಂಬಂಧ ಇರಬೇಕೆಂದಿಲ್ಲ ಎಂದು ಪರೀಕ್ಷೆಯಲ್ಲಿ ಎರಡು ಪುಟ ಬರೆದು ಬಂದಿದ್ದೆ. ಒಳ್ಳೆಯ ಅಂಕವೂ ಬಂದಿತ್ತು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರಲ್ಲ, ನನ್ನ ಹತ್ತಿರ ಒಕ್ಕಾಲಿನ ಸರ್ಟಿಫಿಕೇಟ್ ಮಾತ್ರ ಇತ್ತು.

ಮೊದಲ ತಿಂಗಳುಗಳಲ್ಲಿ ದಿನಾ ಕೂತು ಕಲಿಸಿದರೆ ಮಾತು ಮರಳುವ ಸಾಧ್ಯತೆ ಹೆಚ್ಚು ಎಂಬುದೂ ನನಗೆ ಗೊತ್ತಿತ್ತು. ಆದರೆ ನನಗೆ ಪುರುಸೊತ್ತು ಎಲ್ಲಿತ್ತು? ನಾನು ಜೀವನದ ಗುರಿ ಹುಡುಕುತ್ತಿದ್ದೆ.

ನಮ್ಮ ಚರ್ಚಿನ ಸಭೆಯಲ್ಲಿ ಹೊಸದಾಗಿ ಪದವಿ ಮುಗಿಸಿದವರಿಗೆಂದು ಪ್ರತಿವರ್ಷ ಒಂದು ಶಿಬಿರ ಮಾಡುತ್ತಾರೆ. ನಡೆಸುವವನು ಮೈಕಣ್ಣ. ಅವನ ನಿಜವಾದ ಹೆಸರನ್ನು ಎಲ್ಲರೂ ಮರೆತಿದ್ದಾರೆ. ಮೈಕಿಲ್ಲದೆ ಅವನನ್ನು ನೋಡಿದವರಿಲ್ಲ, ಎರಡು ಜನ ಇದ್ದರೂ ಮೈಕಿನಲ್ಲೇ ಮಾತಾಡುತ್ತಾನೆ. ಒಳ್ಳೆಯ ಮನುಷ್ಯ, ಆದರೆ ಅವನ ಉತ್ಸಾಹದ ಎದುರಿಗೆ ಸಿಕ್ಕವರ ಗತಿ ಅಷ್ಟೇ. "ದೇವ್ರು ನಿಮ್ಮನ್ನ ಸುಮ್ನೆ ಪಾಸ್ ಮಾಡಿಸಿಲ್ಲ!" ಎಂದು ಅವನು ಕೂಗಿದಾಗ ಹಿಂದಿನ ಸಾಲಿನಲ್ಲಿ ಎರಡು ಸಲ ಫೇಲಾಗಿದ್ದ ಹುಡುಗನೂ ನೆಟ್ಟಗೆ ಕೂತ. ಪ್ರತಿಯೊಬ್ಬರೂ ತಮ್ಮ ಗುರಿ ಏನೆಂದು ದೇವರಲ್ಲಿ ಕೇಳಬೇಕು, ಕುಟುಂಬದ ಒಬ್ಬ ಹಿರಿಯರ ಒಪ್ಪಿಗೆ ಪಡೆಯಬೇಕು, ಸಮರ್ಪಣೆಯ ಭಾನುವಾರ ಸಭೆಯ ಮುಂದೆ ನಿಂತು ಹೇಳಬೇಕು. ಆ ಹಿರಿಯರು ಅಲ್ಲೇ ಎಲ್ಲರ ಮುಂದೆ ಆಮೆನ್ ಅನ್ನಬೇಕು. ಇದು ನಮ್ಮಲ್ಲಿ ನಡೆದುಬಂದ ಪದ್ಧತಿ.

ಶಿಬಿರದಲ್ಲಿ ಒಬ್ಬೊಬ್ಬರೂ ಎದ್ದು ತಮ್ಮ ಯೋಚನೆ ಹೇಳಿದರು. ಫಾರ್ಮಸಿ ಓದಿದವಳು ಸರಕಾರಿ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರುತ್ತೇನೆ ಎಂದಳು. ಸಪ್ಪೆ ಚಪ್ಪಾಳೆ. ಎರಡು ಸಲ ಫೇಲಾದ ಹುಡುಗ, "ಅಪ್ಪನ ಜೊತೆ ಬೀಗ ರಿಪೇರಿ ಮಾಡ್ತೀನಿ, ಯಾರಿಗೂ ಮೋಸ ಮಾಡಲ್ಲ" ಎಂದ. ಇನ್ನೂ ಸಪ್ಪೆ ಚಪ್ಪಾಳೆ. ಪಕ್ಕದ ಬೀದಿಯ ಡಾಕ್ಟರ ಮಗಳು ಎದ್ದು ಗಡಿಯಾಚೆಯ ನಿರಾಶ್ರಿತರ ಶಿಬಿರಕ್ಕೆ ಹೋಗುತ್ತೇನೆ ಎಂದಾಗ ಛಾವಣಿ ಹಾರುವ ಹಾಗೆ ಚಪ್ಪಾಳೆ. ನನಗೆ ಹೊಟ್ಟೆ ಉರಿಯಿತು. ಅದು ಪವಿತ್ರವಾದ ಉರಿ ಎಂದು ನಾನು ತಿಳಿದುಕೊಂಡೆ. ಮೈಕಣ್ಣ ಆಗತಾನೇ ಪರದೆಯ ಮೇಲೆ ದೂರದ ದ್ವೀಪವೊಂದರ ಚಿತ್ರ ತೋರಿಸಿದ್ದ, ಅಲ್ಲಿ ಮಾತು ಬಾರದ ಮಕ್ಕಳಿಗೆ ಕಲಿಸುವವರು ಒಬ್ಬರೂ ಇಲ್ಲ ಎಂದಿದ್ದ. ನಾನು ಎದ್ದೆ. "ಕರ್ತನು ನನ್ನನ್ನ ದ್ವೀಪಕ್ಕೆ ಕರೀತಿದ್ದಾನೆ. ಮೂಕರ ಬಾಯಿ ತೆರೆಯೋದೇ ನನ್ನ ಜೀವನದ ಗುರಿ" ಎಂದೆ. ಚಪ್ಪಾಳೆ ಡಾಕ್ಟರ ಮಗಳದಕ್ಕಿಂತ ಜೋರಾಗಿತ್ತು. ನಾನು ಅಳತೆ ಮಾಡುತ್ತಿದ್ದೆ, ಅದಕ್ಕೇ ಗೊತ್ತು.

ಮನೆಗೆ ಬಂದವಳೇ ಅಜ್ಜಿಯ ಮಂಚದ ಮುಂದೆ ಮೊಣಕಾಲೂರಿದೆ. ಮನೆಯಲ್ಲಿ ಹಿರಿಯಳೆಂದರೆ ಅವಳೇ. ಅಪ್ಪ ಲಾರಿ ಓಡಿಸುವವರು, ಮನೆಗೆ ಬರುವುದು ನೆಂಟರ ಹಾಗೆ. ಅಮ್ಮನನ್ನು ಕೇಳಿದರೆ, "ಮೊದ್ಲು ಆ ಹಾಸಿಗೆ ಬಟ್ಟೆ ಒಗೆದು ಹಾಕು" ಎನ್ನುವ ಅಪಾಯವಿತ್ತು.

"ಅಜ್ಜಿ, ನಾನು ದ್ವೀಪಕ್ಕೆ ಸೇವೆಗೆ ಹೋಗ್ಲಾ? ಅಲ್ಲೇ ಕೆಲವು ವರ್ಷ ಇರ್ತೀನಿ. ದೇವರ ಚಿತ್ತ ಅಂತ ಅನ್ನಿಸ್ತಿದೆ."

ಅಜ್ಜಿ ನನ್ನನ್ನೇ ದಿಟ್ಟಿಸಿ ನೋಡಿದಳು. ಎಡಗೈಯಿಂದ ನನ್ನ ಮುಂಗೈ ಗಟ್ಟಿಯಾಗಿ ಹಿಡಿದಳು. "ಆಮೆನ್," ಎಂದಳು. "ಆಮೆನ್, ಆಮೆನ್, ಆಮೆನ್!"

ಮೂರು ಸಲ ಬೇರೆ! ನನಗೆ ಕಣ್ಣೀರು ಬಂತು. ಬದುಕಿಡೀ ಒಂದಕ್ಕೂ ಸುಲಭವಾಗಿ ಹೂಂ ಅನ್ನದ ಹೆಂಗಸು ಒಂದೇ ಮಾತಿಗೆ ಒಪ್ಪಿದಳೆಂದರೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಬೇಕಾದ ಉತ್ತರ ಸಿಕ್ಕಮೇಲೆ ಯಾರಿಗೆ ತಾನೇ ಅನುಮಾನ ಬರುತ್ತದೆ ಹೇಳಿ.

ಸುದ್ದಿ ಸಭೆಯಲ್ಲೆಲ್ಲ ಹಬ್ಬಿತು. ಮಾತೇ ನಿಂತ ಅಜ್ಜಿ ಮೊಮ್ಮಗಳನ್ನು ಮೂರು ಆಮೆನ್ ಹೇಳಿ ಕಳಿಸಿಕೊಡುತ್ತಿದ್ದಾಳೆ ಎಂದು ಮೈಕಣ್ಣ ಎರಡು ಭಾನುವಾರ ಸಾಕ್ಷಿ ಹೇಳಿದ. ಪ್ರಾರ್ಥನಾ ಕೂಟಗಳಲ್ಲಿ ನನ್ನ ದ್ವೀಪಕ್ಕಾಗಿ ಪ್ರಾರ್ಥನೆ ಶುರುವಾಯಿತು. ನಮ್ಮವರ ಪ್ರಾರ್ಥನೆ ಬರೀ ಬಾಯಿಮಾತಿನದಲ್ಲ, ಸಾಮಾನು ಸಮೇತ ಬರುತ್ತದೆ. ಒಬ್ಬರು ಸೊಳ್ಳೆ ಪರದೆ ತಂದುಕೊಟ್ಟರು. ಮರುದಿನ ಇನ್ನೊಬ್ಬರು ಸೊಳ್ಳೆ ಪರದೆ. ಟಾರ್ಚು, ಮಳೆ ಕೋಟು, ಈಜಲು ಬಾರದವರು ಸೊಂಟಕ್ಕೆ ಹಾಕಿಕೊಳ್ಳುವ ರಬ್ಬರಿನ ಬಳೆ. ನನ್ನ ಕೋಣೆಯಲ್ಲಿ ಸೊಳ್ಳೆ ಪರದೆಗಳ ರಾಶಿ ಮಂಚದೆತ್ತರ ಬೆಳೆಯಿತು. ತಲೆಗೆ ಕೋಡು ಮೂಡಿದ್ದವಳಿಗೆ ಪರದೆಯೊಳಗೆ ತೂರಿಕೊಳ್ಳುವುದೇ ಕಷ್ಟವಾಗುತ್ತಿತ್ತೋ ಏನೋ.

ಅಮ್ಮ ಬಟ್ಟೆ ಕಾರ್ಖಾನೆಯಲ್ಲಿ ಶರ್ಟಿನ ಕಾಲರ್ ಹೊಲಿಯುತ್ತಾಳೆ. ಇಡೀ ದಿನ ಬರೀ ಕಾಲರ್. ಸಂಜೆ ಮನೆಗೆ ಬಂದರೆ ಬೆರಳುಗಳು ಮಡಚಿದಂತೆಯೇ ಇರುತ್ತವೆ. ಆ ಕೈಯಲ್ಲೇ ಅಜ್ಜಿಯನ್ನು ಎತ್ತಿ, ತಿರುಗಿಸಿ, ತೊಳೆದು, ಸೂಪು ಕುಡಿಸುತ್ತಿದ್ದಳು. ಹಗಲು ಪಕ್ಕದ ಮನೆಯಾಕೆ ಬಂದು ನೋಡಿ ಹೋಗುತ್ತಿದ್ದಳು. ಮನೆಯಲ್ಲಿದ್ದ ನಾನೋ, ದ್ವೀಪದ ಭಾಷೆಯಲ್ಲಿ ನಮಸ್ಕಾರ ಹೇಗೆ ಹೇಳುವುದು ಎಂದು ಕಲಿಯುತ್ತಿದ್ದೆ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆ ಹುಟ್ಟಿದ್ದು ನನ್ನನ್ನು ನೋಡಿಯೇ ಇರಬೇಕು. ನಾನಂತೂ ಒಂದು ಹೆಜ್ಜೆ ಮುಂದೆ ಹೋಗಿ ಸಮುದ್ರದಾಚೆಗೆ ಉಪಕಾರಿಯಾಗಲು ಹೊರಟಿದ್ದೆ.

ಸಮರ್ಪಣೆಯ ಭಾನುವಾರಕ್ಕೆ ಒಂದು ವಾರ ಇರುವಾಗ ಮಾವ ಬಂದ. ಅಮ್ಮನ ಅಣ್ಣ, ಸೊಂಟ ನೋವಿನವನು, ಊರಿನ ಇನ್ನೊಂದು ತುದಿಯಲ್ಲಿ ನಾಲ್ಕನೇ ಮಹಡಿಯಲ್ಲಿ ಇರುತ್ತಾನೆ. ಕೆಟ್ಟವನಲ್ಲ. ತಂಗಿ ಸೊರಗುತ್ತಿರುವುದನ್ನು ನೋಡಲಾರದೆ ಬಂದಿದ್ದ. ಕೈಯಲ್ಲಿ ಗುಡ್ಡದ ಮೇಲಿನ ವೃದ್ಧಾಶ್ರಮದ ಬಣ್ಣದ ಪುಸ್ತಿಕೆ ಇತ್ತು. ಬಿಳಿ ಹಾಸಿಗೆಗಳ ಸಾಲು, ಹೂಕುಂಡ, ನಗುವ ನರ್ಸು.

"ಇವಳೂ ದ್ವೀಪಕ್ಕೆ ಹೊರಟ್ಲು. ನೀನೊಬ್ಳೇ ಹೇಗೆ ಮಾಡ್ತೀಯ?" ಎಂದು ಅಮ್ಮನಿಗೆ ಹೇಳಿದ. ಅಮ್ಮ ಬೆರಳು ನೀವಿಕೊಳ್ಳುತ್ತಾ ಕೂತಳು. "ಅಮ್ಮ ಒಪ್ಪದೆ ಕಳ್ಸಲ್ಲ" ಎಂದು ಮಾತ್ರ ಕೊನೆಗೆ ಹೇಳಿದಳು.

ಮಾವ ಅಜ್ಜಿಯ ಪಕ್ಕ ಕೂತು ಪುಸ್ತಿಕೆ ತೋರಿಸಿದ. "ಅಮ್ಮಾ, ಇಲ್ಲಿ ಚೆನ್ನಾಗಿ ನೋಡ್ಕೋತಾರೆ. ಬೆಳಿಗ್ಗೆ ಸಂಜೆ ಪ್ರಾರ್ಥನೆ ಇರುತ್ತೆ. ಹೋಗ್ತೀಯಾ?"

ಅಜ್ಜಿ ಅವನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ಆಮೆನ್."

ಮಾವ ಕಣ್ಣೊರೆಸಿಕೊಂಡ. "ನೋಡಿದ್ಯಾ? ದೇವ್ರೇ ಅವಳ ಮನಸ್ಸಿಗೆ ಹಾಕಿದ್ದಾನೆ." ಸಮರ್ಪಣೆಯ ಮರುದಿನ, ಸೋಮವಾರ ಬೆಳಿಗ್ಗೆ, ಆಶ್ರಮದ ವ್ಯಾನು ಬರುವುದೆಂದು ಅಲ್ಲೇ ನಿಗದಿಯಾಯಿತು.

ನಾನು ಬಾಗಿಲಲ್ಲಿ ನಿಂತಿದ್ದೆ. ಅದು ಒಪ್ಪಿಗೆಯಲ್ಲ ಎಂದು ನನಗೆ ಆ ಕ್ಷಣದಲ್ಲೇ ಹೊಳೆಯಿತು. ಇಲ್ಲ, ಹೊಳೆಯಿತು ಅನ್ನುವುದೂ ಸುಳ್ಳು, ಅದು ನನಗೆ ಗೊತ್ತೇ ಇತ್ತು. ಆದರೆ ಅಜ್ಜಿಯ ಆಮೆನ್‌ಗೆ ಅರ್ಥವಿಲ್ಲ ಎಂದು ಮಾವನಿಗೆ ಹೇಳಿದರೆ ನನ್ನ ಮೂರು ಆಮೆನ್‌ಗಳ ಗತಿ ಏನು? ಮಾವನ ಆಮೆನ್ ಖೋಟಾ, ನನ್ನದು ಮಾತ್ರ ಪರಲೋಕದಿಂದ ಬಂದದ್ದು ಎನ್ನಲು ಬರುತ್ತದೆಯೇ? ಬಿಸಿ ತುಪ್ಪ ನುಂಗಲಾರೆ, ಉಗುಳಲಾರೆ. ನಾನು ಬಾಯಿ ಮುಚ್ಚಿಕೊಂಡು ಕೋಣೆಗೆ ಹೋಗಿ ಸೊಳ್ಳೆ ಪರದೆಗಳನ್ನು ಮಡಚಿಟ್ಟೆ. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದೆ.

ಆ ವಾರವೆಲ್ಲ ನಾನು ದೇವರ ಹತ್ತಿರ ಬಹಳ ಚೌಕಾಸಿ ಮಾಡಿದೆ. ಆಶ್ರಮ ಚೆನ್ನಾಗೇ ಇದೆಯಲ್ಲ, ಅಮ್ಮನಿಗೂ ವಿಶ್ರಾಂತಿ ಸಿಗುತ್ತದಲ್ಲ, ದ್ವೀಪದ ಮಕ್ಕಳು ಪಾಪ ಅಲ್ಲವಾ ಎಂದು ಒಂದೊಂದಾಗಿ ಮುಂದಿಟ್ಟೆ. ಎಲ್ಲವೂ ನಿಜವೇ ಆಗಿದ್ದವು. ಅದೇ ಕಷ್ಟ. ದೇವರು ಒಂದಕ್ಕೂ ಉತ್ತರ ಕೊಡಲಿಲ್ಲ. ಮೊದಲಾದರೆ ಆ ಮೌನವನ್ನೂ ಒಪ್ಪಿಗೆ ಎಂದೇ ಬರೆದುಕೊಳ್ಳುತ್ತಿದ್ದೆ, ಆ ವಾರ ಮಾತ್ರ ಯಾಕೋ ಧೈರ್ಯ ಬರಲಿಲ್ಲ.

ಶನಿವಾರ ಮಧ್ಯಾಹ್ನ ಅಮ್ಮ ಅಜ್ಜಿಯ ಬಟ್ಟೆ ಕಟ್ಟುತ್ತಿದ್ದಳು. ಮಂಚದ ಮೇಲೆ ಚೀಲ ತೆರೆದಿಟ್ಟು ರವಿಕೆ, ಶಾಲು, ಉಣ್ಣೆಯ ಕಾಲುಚೀಲ ಎಂದು ಒಂದೊಂದೇ ಹಾಕುತ್ತಿದ್ದಳು. ಅಜ್ಜಿ "ಆಮೆನ್, ಆಮೆನ್" ಎನ್ನುತ್ತಾ ಎಡಗೈಯಿಂದ ಅವುಗಳನ್ನು ಒಂದೊಂದಾಗಿ ಹೊರಗೆ ತೆಗೆದಿಡುತ್ತಿದ್ದಳು.

"ನೋಡೇ, ಮುಂಚಿನ ಥರಾನೇ. ಯಾರು ಮಡಚಿದ್ರೂ ಅವಳಿಗೆ ಸರಿಹೋಗಲ್ಲ, ಮತ್ತೆ ತಾನೇ ಜೋಡಿಸ್ಬೇಕು," ಎಂದು ಅಮ್ಮ ನಕ್ಕಳು. ಹೊರಗೆ ಬಂದದ್ದನ್ನು ಮತ್ತೆ ಒಳಗೆ ಹಾಕಿದಳು. ಅಜ್ಜಿ ಮತ್ತೆ ಹೊರಗೆ ತೆಗೆದಳು. ಈ ಸಲ ಅವಳ ಆಮೆನ್ ಕೂಗಿನಂತಿತ್ತು. ಆ ಸ್ವರ ನನಗೆ ಗೊತ್ತು. ನಾನು ಚಿಕ್ಕವಳಿದ್ದಾಗ ಒಲೆಯ ಹತ್ತಿರ ಕೈ ಚಾಚಿದರೆ ಇದೇ ಸ್ವರದಲ್ಲಿ ಗದರುತ್ತಿದ್ದಳು. ಪದ ಮಾತ್ರ ಬೇರೆ ಇತ್ತು.

ಅಮ್ಮ ಚೀಲದ ಜಿಪ್ ಎಳೆದಳು. ಅಜ್ಜಿ ಗೋಡೆಯ ಕಡೆ ಮುಖ ತಿರುಗಿಸಿದಳು. ನನಗೆ ನನ್ನ ಮೇಲೇ ಅಸಹ್ಯವಾಯಿತು. ಆಗಲೇ ಹೇಳಿಬಿಡಬಹುದಿತ್ತು, ಹೇಳಲಿಲ್ಲ. ನಾಳೆ ಹೇಳುತ್ತೇನೆ ಎಂದುಕೊಂಡೆ. ನಾಚಿಕೆಗೇಡಿಗೆ ನಾಳೆ ಎನ್ನುವುದೇ ಒಂದು ಆಸರೆ.

ಭಾನುವಾರ ಆರಾಧನೆಗೆ ಜನ ತುಂಬಿದ್ದರು. ಗೋಡೆಗೆ ಒರಗಿಸಿದ್ದ ಕುರ್ಚಿಗಳನ್ನೂ ಬಿಡಿಸಿ ಹಾಕಿದ್ದರು. ಮೈಕಣ್ಣನ ಮೈಕು ಒಮ್ಮೆ ಕಿರುಚಿ ಎಲ್ಲರನ್ನೂ ಎಚ್ಚರಿಸಿತು. ಮುಂದಿನ ಸಾಲಿನ ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಅಜ್ಜಿ, ಅವಳ ಹಿಂದೆ ಅಮ್ಮ ಮತ್ತು ಮಾವ. ಬೀಗ ರಿಪೇರಿಯವನ ಅಪ್ಪ ಆಮೆನ್ ಅಂದು ಮಗನ ತಲೆ ಮೇಲೆ ಎಣ್ಣೆ ಮೆತ್ತಿದ ಕೈಯಿಟ್ಟರು. ಡಾಕ್ಟರು ಆಮೆನ್ ಅಂದರು. ನನ್ನ ಸರದಿ ಬಂತು. ನಾನು ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ. ಗಿಣಿ ಅಲ್ಲವೇ, ಒಂದು ಪದ ತಪ್ಪಲಿಲ್ಲ.

ಮೈಕಣ್ಣ ಅಜ್ಜಿಯ ಬಾಯಿಯ ಹತ್ತಿರ ಮೈಕ್ ಹಿಡಿದ. "ಅಜ್ಜಿ, ನಿಮ್ಮ ಮೊಮ್ಮಗಳನ್ನ ದ್ವೀಪದ ಸೇವೆಗೆ ಒಪ್ಪಿಸಿ ಕೊಡ್ತೀರಾ?"

"ಆಮೆನ್," ಎಂದಿತು ಸ್ಪೀಕರು. ಚಪ್ಪಾಳೆ. ಯಾರೋ ಸ್ತೋತ್ರ ಎಂದರು. ಕೀಬೋರ್ಡಿನವನು ಹಾಡು ಎತ್ತಿಕೊಳ್ಳಲು ಬೆರಳಿಟ್ಟ. ಅಜ್ಜಿ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಸಿಟ್ಟಿರಲಿಲ್ಲ. ಲೈನು ಸಿಗುವವರೆಗೆ ಕಾಯುವವಳ ಹಾಗೆ ಸುಮ್ಮನೆ ಕಾಯುತ್ತಿದ್ದಳು.

"ಒಂದ್ನಿಮಿಷ," ಎಂದೆ. "ಇನ್ನೂ ಪ್ರಶ್ನೆ ಕೇಳೋದಿದೆ." ಮೈಕಣ್ಣನ ಕೈಯಿಂದ ಮೈಕ್ ಕಸಿದುಕೊಂಡೆ. ಅದೊಂದು ಚಾರಿತ್ರಿಕ ಘಟನೆ ಎಂದು ನಮ್ಮ ಸಭೆಯವರು ಈಗಲೂ ಹೇಳುತ್ತಾರೆ.

"ಅಜ್ಜಿ, ನಾನು ದ್ವೀಪಕ್ಕೆ ಹೋಗಬಾರದು ಅಲ್ವಾ?"

"ಆಮೆನ್."

ಕೀಬೋರ್ಡಿನವನು ಬೆರಳು ಹಿಂದಕ್ಕೆ ತೆಗೆದ.

"ನೀನು ನಾಳೆ ಆಶ್ರಮಕ್ಕೆ ಹೋಗ್ತೀಯಾ?"

"ಆಮೆನ್." ಮಾವ ತಲೆದೂಗಿದ.

"ಹೋಗದೆ ಮನೇಲೇ ಇರ್ತೀಯಾ?"

"ಆಮೆನ್." ಮಾವನ ತಲೆ ಅರ್ಧದಲ್ಲೇ ನಿಂತಿತು.

"ಇವತ್ತು ಮಂಗಳವಾರನಾ?"

"ಆಮೆನ್."

"ನಮ್ಮ ಪಾಸ್ಟರನ್ನ ಮದುವೆ ಆಗ್ತೀಯಾ?"

ಅಜ್ಜಿಯ ಬಾಯಿಯ ಎಡಭಾಗ ಮೇಲಕ್ಕೆ ಏರಿತು. ಅವಳಿಗೆ ಎಲ್ಲವೂ ಅರ್ಥವಾಗುತ್ತಿತ್ತು, ತಮಾಷೆಯೂ ಅರ್ಥವಾಗುತ್ತಿತ್ತು. ಎದೆ ತುಂಬ ಉಸಿರೆಳೆದು, "ಆಮೆನ್!" ಎಂದಳು. ಮೊದಲು ನಕ್ಕವರು ಪಾಸ್ಟರ ಹೆಂಡತಿ. ಆಮೇಲೆ ಇಡೀ ಸಭೆ ಗೊಳ್ಳೆಂದಿತು. ನಗುವಿನ ನಡುವೆ ನೋಡಿದರೆ ಅಜ್ಜಿಯ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ಇದೇನು ಹುಡುಗಾಟ?" ಎಂದು ಮಾವ ಎದ್ದು ನಿಂತ. "ಸಭೆ ಮುಂದೆ ಅಮ್ಮನ್ನ ಆಟದ ಬೊಂಬೆ ಮಾಡ್ತೀಯಾ?"

"ಮಾಡಿದ್ದು ಇಷ್ಟು ದಿನ ಮಾವ, ಇವತ್ತಲ್ಲ. ಅದು ಹೌದು ಅಂತ ಅಲ್ಲ. ಅವಳ ಬಾಯಲ್ಲಿ ಉಳಿದಿರೋದು ಅದೊಂದೇ ಪದ. ಬೇರೇದು ಹೇಳೋಕೆ ಹೋದ್ರೂ ಅದೇ ಬರುತ್ತೆ. ಒಂದೇ ಪ್ರಶ್ನೆನ ತಿರುಗಿಸಿ ಎರಡೂ ಥರ ಕೇಳಿ ನೋಡ್ಬೇಕು ಅಂತ ನಾನು ಕಾಲೇಜಲ್ಲಿ ಓದಿದ್ದೆ. ನನಗೆ ಬೇಕಾದ ಉತ್ತರ ಸಿಕ್ತು ಅಂತ ಎರಡನೇ ಪ್ರಶ್ನೆ ಕೇಳ್ಲೇ ಇಲ್ಲ." ಇಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂದು, ಮೂಗೂ ಸುರಿದು, ಮೈಕಿನಲ್ಲಿ ಅದರ ಸದ್ದೂ ಕೇಳಿಸಿತು. ಜೀವನದ ಗುರಿ ಘೋಷಿಸಲು ಬಂದವಳ ವೈಭವ ಅದು.

ವಯಸ್ಸಾದ ಪಾಸ್ಟರ್ ಮೆಲ್ಲಗೆ ಹತ್ತಿರ ಬಂದರು. "ಹಾಗಾದ್ರೆ ದೇವ್ರು ನಿನಗೆ ಏನು ಹೇಳಿದ್ದಾನೆ ಮಗಾ?"

"ಗೊತ್ತಿಲ್ಲ ಪಾಸ್ಟರ್."

"ಈ ತಿಂಗಳಲ್ಲಿ ನೀನು ಮಾಡಿದ ಮೊದಲ್ನೇ ಪ್ರಾರ್ಥನೆ ಇದು. ಹೋಗಿ ಅಜ್ಜಿ ಪಕ್ಕ ಕೂತ್ಕೋ," ಎಂದರು. ಆಮೇಲೆ ಅಜ್ಜಿಯ ಕಡೆ ತಿರುಗಿ, "ಮದುವೆ ವಿಷಯ ಆಮೇಲೆ ಮಾತಾಡೋಣಮ್ಮ," ಎಂದರು.

ಮಧ್ಯಾಹ್ನ ಮನೆಯಲ್ಲಿ ಅಜ್ಜಿಯ ಮಡಿಲ ಮೇಲೆ ಒಂದು ಹಲಗೆ ಇಟ್ಟೆ. ಅದರ ಮೇಲೆ ಎಡಕ್ಕೆ ಆಶ್ರಮದ ಪುಸ್ತಿಕೆ, ಬಲಕ್ಕೆ ಅವಳದೇ ಕೋಣೆಯ ಫೋಟೊ. "ಮಾತು ಬೇಡ ಅಜ್ಜಿ. ಬೇಡದ್ದನ್ನ ಕೈಯಿಂದ ತಳ್ಳು." ಅವಳು ಪುಸ್ತಿಕೆಯನ್ನು ನೆಲಕ್ಕೆ ತಳ್ಳಿದಳು. ನಾನು ಜಾಗ ಬದಲಿಸಿಟ್ಟೆ, ಎಡಗೈಗೆ ಹತ್ತಿರವಿದೆ ಎಂದು ತಳ್ಳಿರಬಹುದಲ್ಲ. ಅವಳು ಕೈ ಚಾಚಿ, ಫೋಟೊ ದಾಟಿ, ಪುಸ್ತಿಕೆಯನ್ನೇ ತಳ್ಳಿದಳು. ಮಾವ ತಾನೇ ಬಗ್ಗಿ ಎತ್ತಿ ಮೂರನೇ ಸಲ ಇಟ್ಟ. ನಗುವ ನರ್ಸು ಮತ್ತೆ ನೆಲಕ್ಕೆ ಬಿದ್ದಳು. ಮಾವ ಸೊಂಟ ಹಿಡಿದುಕೊಂಡು ಮಂಚದ ಮೇಲೆ ಕೂತ. "ನಾನು ಒಳ್ಳೇದಕ್ಕೇ ಅಂದ್ಕೊಂಡೆ ಅಮ್ಮ," ಎಂದು ಮಗುವಿನ ಹಾಗೆ ಅತ್ತ. ಅಜ್ಜಿ ಅವನ ಬೆನ್ನು ಸವರುತ್ತಾ ಆಮೆನ್ ಆಮೆನ್ ಎಂದಳು. ಆ ಸಲ ಅದರ ಅರ್ಥ ನಮಗೆಲ್ಲ ತಿಳಿಯಿತು.

ಅಮ್ಮ ಮಾತ್ರ ಅಳಲಿಲ್ಲ. "ಎಲ್ಲಾ ಸರಿ. ನಾಳೆ ಬೆಳಿಗ್ಗೆ ಇವಳನ್ನ ಎತ್ತೋರು ಯಾರು?" ಎಂದಳು. ಕಾಲರ್ ಹೊಲಿಯುವವರು ಹೀಗೆ ನೇರವಾಗಿಯೇ ಕೇಳುತ್ತಾರೆ.

"ನಾನು," ಎಂದೆ.

ಹೇಳುವುದು ಸುಲಭ. ಮರುದಿನ ಬೆಳಿಗ್ಗೆ ಎತ್ತಲು ಹೋಗಿ ಅಜ್ಜಿಯೂ ನಾನೂ ಸೊಳ್ಳೆ ಪರದೆಗಳ ರಾಶಿಯ ಮೇಲೆ ಬಿದ್ದೆವು. ಅವು ಉಪಯೋಗಕ್ಕೆ ಬಂದದ್ದು ಅದೊಂದೇ ಸಲ. ಉಳಿದಂತೆ ಅವನ್ನು ಮೈಕಣ್ಣನಿಗೆ ವಾಪಸು ಕೊಟ್ಟೆ, ದ್ವೀಪಕ್ಕೆ ನಿಜವಾಗಿ ಹೋಗುವವರು ಸಿಕ್ಕರೆ ಬೇಕಾಗುತ್ತದೆ ಎಂದು. ಊರಿನ ಆಸ್ಪತ್ರೆಯಲ್ಲಿ ಮಧ್ಯಾಹ್ನದ ಮೇಲಿನ ಕೆಲಸಕ್ಕೆ ಸೇರಿದೆ. ಅಮ್ಮ ಬೆಳಗಿನ ಪಾಳಿ ಕೇಳಿ ಪಡೆದಳು. ಅವಳು ಬರುವುದಕ್ಕೆ ಸ್ವಲ್ಪ ಮೊದಲೇ ನಾನು ಹೊರಡಬೇಕು. ನಡುವೆ ಸಿಕ್ಕುವ ಸಂದು ಮಾವನದು. ನಾಲ್ಕು ಮಹಡಿ ಇಳಿದು ಬರುತ್ತಾನೆ, ಬಂದ ಕೂಡಲೇ ಸೊಂಟ ಎನ್ನುತ್ತಾನೆ, ಅಜ್ಜಿ ಆಮೆನ್ ಎನ್ನುತ್ತಾಳೆ.

ಬೆಳಿಗ್ಗೆ ಅಜ್ಜಿಗೆ ಪಾಠ. ಯಾವ ಪದದಿಂದ ಶುರುಮಾಡುವುದು ಎಂದು ಯೋಚಿಸುವ ಅಗತ್ಯವೇ ಇರಲಿಲ್ಲ. 'ಬೇಡ'. ಅವಳ ಹಳೆಯ ಪದ, ನಾವು ಅವಳಿಂದ ಕಸಿದುಕೊಂಡ ಪದ. ಕನ್ನಡಿ ಮುಂದೆ ಕೂರಿಸಿ, ತುಟಿ ಮುಚ್ಚಿಸಿ, "ಬೇ" ಎನ್ನುತ್ತಿದ್ದೆ. "ಆ," ಎನ್ನುತ್ತಿದ್ದಳು. ಅಂಗೈಯಿಂದ ಹಲಗೆ ತಟ್ಟುತ್ತಾ ತಾಳ ಹಾಕಿಸುತ್ತಿದ್ದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ದಿನ ಹೋದವು. ಮುಖ್ಯವಾದ ಮೊದಲ ತಿಂಗಳುಗಳನ್ನು ನಾನೇ ದ್ವೀಪದ ಪಾಲಿಗೆ ಕೊಟ್ಟಿದ್ದೆನಲ್ಲ, ಆ ಸಂಕಟ ಕನ್ನಡಿಯಲ್ಲಿ ದಿನಾ ಅವಳ ಮುಖದ ಪಕ್ಕದಲ್ಲೇ ಕಾಣುತ್ತಿತ್ತು. ಕೆಲವು ಬೆಳಿಗ್ಗೆ ನಾನು ರೇಗಿದೆ. ಕೆಲವು ಬೆಳಿಗ್ಗೆ ಅವಳು ಕನ್ನಡಿಯನ್ನೇ ತಳ್ಳಿದಳು.

ಮೈಕಣ್ಣ ಒಂದು ದಿನ ದಾರಿಯಲ್ಲಿ ಸಿಕ್ಕಿ, ಮೈಕಿಲ್ಲದೆ, ಬಹಳ ಮೆತ್ತಗೆ ಕೇಳಿದ: "ಈಗ ನಿನ್ನ ಜೀವನದ ಗುರಿ ಏನು ಗಿಣಿ? ಪ್ರಾರ್ಥನೆಗೆ ಬೇಕಿತ್ತು."

"ನಮ್ಮಜ್ಜಿ ಬಾಯಿಂದ ಒಂದು 'ಬೇಡ' ಹೊರಡಿಸೋದು."

"ಅಷ್ಟೇನಾ?"

"ಅಷ್ಟೇ."

ಅವನು ತಲೆ ಕೆರೆದುಕೊಂಡು ಹೋದ. ಆದರೆ ಮುಂದಿನ ಕೂಟದಲ್ಲಿ ಎಲ್ಲರೂ ಕಣ್ಣುಮುಚ್ಚಿ, ಕರ್ತನೇ, ಈ ತಾಯಿಗೆ ಒಂದು ಬೇಡ ದಯಪಾಲಿಸು ಎಂದು ಬೇಡಿಕೊಂಡರು.

ನಾಯಿಬಾಲ ಡೊಂಕು ಎನ್ನುವುದು ಸುಳ್ಳಲ್ಲ. ಒಂದು ಬೆಳಿಗ್ಗೆ ಅಜ್ಜಿಗೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡು ತಿನ್ನಿಸುತ್ತಾ ನನಗೆ ಮತ್ತೆ ಹುರುಪು ಬಂತು. ಆಸ್ಪತ್ರೆಯಲ್ಲಿ ಆ ವಾರ ಅಂಗಡಿಯವರೊಬ್ಬರಿಗೆ ಹೆಂಡತಿಯ ಹೆಸರು ಹೇಳಲು ಬಂದಿತ್ತು, ನನ್ನ ಕಾಲು ನೆಲದ ಮೇಲಿರಲಿಲ್ಲ. "ನೋಡು ಅಜ್ಜಿ, ನಾವೊಂದು ಕೇಂದ್ರ ಶುರು ಮಾಡೋಣ. ದೊಡ್ಡದು. ಮಾತು ಹೋದೋರಿಗೆಲ್ಲ ಅಲ್ಲೇ ಚಿಕಿತ್ಸೆ. ಮೇಲೆ ಬೋರ್ಡು ಹಾಕ್ಸೋಣ. ಬೋರ್ಡಲ್ಲಿ ನನ್ನ ಫೋಟೊ, ನನ್ನ ಪಕ್ಕದಲ್ಲಿ ನಿನ್ನ ಫೋಟೊ. ಮೈಕಣ್ಣನ್ನ ಕರ್ಸಿ ಉದ್ಘಾಟನೆ..."

"ಬೇ... ಡ."

"ಯಾಕ್ ಬೇಡ?" ಎಂದೆ ನಾನು, ರೇಗಿ. "ನಿನಗೆ ಯಾವಾಗ್ಲೂ ಇದೇ ಆಯ್ತು. ಯಾರೇನು ಹೊಸದು ಮಾಡ್ತೀನಿ ಅಂದ್ರೂ ತಣ್ಣೀರು ಎರಚೋದು. ಬೋರ್ಡು ಬೇಡ್ವಾ, ಫೋಟೊ ಬೇಡ್ವಾ? ಸಣ್ಣ ಬೋರ್ಡಾದ್ರೂ ಪರವಾಗಿಲ್ಲ ಅನ್ನು. ಎಲ್ಲದಕ್ಕೂ ಅಡ್ಡ ಹಾಕಿದ್ರೆ ಮನುಷ್ಯರು ಮುಂದೆ ಬರೋದು ಹೇಗೆ ಅಜ್ಜಿ..."

ಪಾಳಿಗೆ ಹೊರಟಿದ್ದ ಅಮ್ಮ ಒಂದೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಗಿಣೀ," ಎಂದಳು. "ನೀನು ಯಾರ ಹತ್ರ ಜಗಳ ಆಡ್ತಿದ್ದೀಯಾ?"

ಚಮಚ ನನ್ನ ಕೈಯಿಂದ ಜಾರಿತು. ಅಜ್ಜಿ ನನ್ನನ್ನೇ ನೋಡುತ್ತಿದ್ದಳು, ಗಲ್ಲದ ಮೇಲೆ ಹಾಲು. ಅಮ್ಮ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ನಾನು ಮೊಣಕಾಲೂರಿ ಅಜ್ಜಿಯ ಎಡಗೈ ಹಿಡಿದುಕೊಂಡೆ.

"ಇನ್ನೊಂದ್ಸಲ ಹೇಳಜ್ಜಿ. ಒಂದೇ ಒಂದ್ಸಲ."

ಅಜ್ಜಿ ತುಟಿ ಮುಚ್ಚಿದಳು. ಕಣ್ಣು ಕಿರಿದು ಮಾಡಿ, ಹಳೆಯ ಕಾಲದ ಹಾಗೆ ನನ್ನನ್ನು ಮೇಲಿಂದ ಕೆಳಗೆ ಅಳೆದಳು.

"ಬೇಡ," ಎಂದಳು.